ಮೊಂಡಾಗದ ಚಾಕು

ಹೆಬ್ಬೆರಳ ಗಾತ್ರದ ಕತ್ತದ ಹಗ್ಗವನ್ನು ಮಣೆಯ ಮೇಲೆ ಒತ್ತಿ ಹಿಡಿದು ನೀಲಗಂಗಾ ಚಾಕುವನ್ನು ಒಮ್ಮೆ ಎಳೆದಳು. ಹಗ್ಗ ಎರಡು ತುಂಡಾಗಿ ಬಿತ್ತು. ಮಣೆಗೆ ಜೋಡಿಸಿದ ಎಣಿಕೆಯ ಪರದೆ ನಲವತ್ತು ಸಾವಿರದ ಆರು ಎಂದು ತೋರಿಸಿತು. ಅವಳು ಅಲಗನ್ನು ಒರೆಸಿ, ಈಗ ಯಾರೂ ಓದದ, ಪರೀಕ್ಷೆಗೆಂದೇ ತರಿಸುವ ವೃತ್ತಪತ್ರಿಕೆಯ ಹಾಳೆಯೊಂದನ್ನು ಎಡಗೈಯಲ್ಲಿ ಗಾಳಿಗೆ ಹಿಡಿದು, ಮೇಲಿನಿಂದ ಕೆಳಕ್ಕೆ ಸವರಿದಳು. ಹಾಳೆ ಎಲ್ಲಿಯೂ ಜಗ್ಗಲಿಲ್ಲ, ಚಿಂದಿಯಾಗಲಿಲ್ಲ, ಸದ್ದಿಲ್ಲದೆ ಸೀಳಿತು. ಹನ್ನೊಂದು ತಿಂಗಳ ಹಿಂದೆ ಮೊದಲ ದಿನ ಹೇಗೆ ಸೀಳಿತ್ತೋ ಹಾಗೆಯೇ.

ಅದು 2058ರ ಶ್ರಾವಣ. ಬೆಳಗಾವಿಯ ಹೊರಗೆ, ಬಾಗಿಲು ಮುಚ್ಚಿದ ಹಳೆಯ ಫೌಂಡ್ರಿಗಳ ಸಾಲಿನಲ್ಲಿದ್ದ ಅಲಗು ಪರೀಕ್ಷಾ ಕೇಂದ್ರದಲ್ಲಿ ನೀಲಗಂಗಾ ಹುಂಡೇಕಾರ ಹಿರಿಯ ಪರೀಕ್ಷಕಿ. ಒಂದು ಅಲಗು ತನ್ನ ಹರಿತವನ್ನು ಎಷ್ಟು ಕಾಲ ಉಳಿಸಿಕೊಳ್ಳುತ್ತದೆ ಎಂದು ಹೇಳುವುದು ಅವಳ ಕೆಲಸ. ಈ ಕೆಲಸಕ್ಕೆ ಯಂತ್ರವೂ ಇತ್ತು. ಅದು ನುಣ್ಣನೆಯ ಮರಳು ಬೆರೆಸಿದ ಕಾಗದವನ್ನು ಹಗಲೆಲ್ಲ ಕೊಯ್ಯುತ್ತ ಅಂಕಿಗಳನ್ನು ಉಗುಳುತ್ತಿತ್ತು. ನೀಲಗಂಗಾಗೆ ಅದರ ಮೇಲೆ ಭರವಸೆ ಇರಲಿಲ್ಲ. ಯಾರ ಮನೆಯಲ್ಲಿ ಮರಳು ಕಾಗದ ಕೊಯ್ಯುತ್ತಾರೆ? ಜನ ಕಿಸೆಯ ಚಾಕುವಿನಿಂದ ಹಗ್ಗ ಕೊಯ್ಯುತ್ತಾರೆ, ರಟ್ಟಿನ ಪೆಟ್ಟಿಗೆ ಸೀಳುತ್ತಾರೆ, ಚಪ್ಪಲಿಯ ತೊಗಲು ಕೆತ್ತುತ್ತಾರೆ, ಗೋಣಿಚೀಲದ ಹೊಲಿಗೆ ಬಿಚ್ಚುತ್ತಾರೆ. ಅವಳ ಮೇಜಿನ ಸುತ್ತ ಈ ಸಾಮಾನುಗಳದ್ದೇ ರಾಶಿ. ಹಳೆಯ ಟೈರಿನ ಟ್ಯೂಬು, ಮಡಚಿದ ಗೋಣಿ, ಕೊಲ್ಹಾಪುರಿ ಚಪ್ಪಲಿಯ ಅಟ್ಟೆ. ಅಡುಗೆಯವುಗಳ ಪೈಕಿ ಕಲ್ಲಿನಂಥ ಕೊಬ್ಬರಿ, ಅಚ್ಚಿನ ಬೆಲ್ಲ, ಒಣಗಿದ ಉತ್ತತ್ತಿ. ತಿನ್ನುವ ಪದಾರ್ಥಕ್ಕೆ ಬೇರೆ ಮಣೆ, ಅದೇ ಜಾತಿಯ ಬೇರೆ ಚಾಕು, ಎರಡನ್ನೂ ಬಿಸಿನೀರಿನಲ್ಲಿ ತೊಳೆದೇ ಬಳಸಬೇಕು. ಶುಚಿಯ ವಿಷಯದಲ್ಲಿ ಅವಳನ್ನು ಮೀರಿಸುವವರು ಕೇಂದ್ರದಲ್ಲಿರಲಿಲ್ಲ. ಕೊನೆಗೆ ಮುಂಗೈ ಮೇಲಿನ ಕೂದಲು ಬೋಳಿಸಿ ನೋಡುವುದು. ಇಪ್ಪತ್ತೆರಡು ವರ್ಷಗಳಿಂದ ಅವಳ ಎಡಗೈ ಮೇಲೆ ಒಂದು ಕೂದಲೂ ನಿಂತಿದ್ದಿಲ್ಲ.

ಸಾಮಾನ್ಯ ಚಾಕು ಮುನ್ನೂರು ಕೊಯ್ತಕ್ಕೆ ಮುಖ ಸಿಂಡರಿಸುತ್ತಿತ್ತು. ತೀರ ಒಳ್ಳೆಯ ಉಕ್ಕಿನದು ಎರಡು ಸಾವಿರಕ್ಕೆ ಸಾಕಪ್ಪ ಸಾಕು ಅನ್ನುತ್ತಿತ್ತು. ನಲವತ್ತು ಸಾವಿರದ ನಂತರವೂ ಹೊಸ ಮದುಮಗನ ಹಾಗೆ ಹೊಳೆಯುವ ಇದನ್ನು ಕಂಡು ನೀಲಗಂಗಾಗೆ ಮೊದಮೊದಲು ಅನುಮಾನ, ಆಮೇಲೆ ಸಿಟ್ಟು, ಈಗೀಗ ಒಂಥರಾ ಭಕ್ತಿ.

ಬಾಗಿಲಲ್ಲಿ ಡಾ. ಜಯತೀರ್ಥ ಗಲಗಲಿ ಬಂದು ನಿಂತರು. ಈ ಅಲಗನ್ನು ಕಂಡುಹಿಡಿದವರು ಅವರೇ. ಆರಡಿ ಎತ್ತರದ, ಗುಂಡಿ ತಪ್ಪಿ ಹಾಕಿದ ಅಂಗಿಯ ಲೋಹವಿಜ್ಞಾನಿ.

"ಏನಂತದ ನಮ್ಮ ಕೂಸು?" ಎಂದರು.

"ಸೋಲೂದ ಇಲ್ಲಂತೈತ್ರಿ ಸರ. ನನ್ನ ರಟ್ಟಿ ಸೋತು ಹೋತು."

ಗಲಗಲಿ ಸ್ಟೂಲು ಎಳೆದುಕೊಂಡು ಕೂತರು. ಅವರಿಗೆ ಇದನ್ನು ವಿವರಿಸುವುದೆಂದರೆ ಹಬ್ಬ. ನೂರು ಸಲ ಹೇಳಿದ್ದನ್ನು ನೂರಾ ಒಂದನೆಯ ಸಲ ಹೇಳಿದರು. "ಇಲಿ ಹಲ್ಲು ಯಾಕ ಮೊಂಡಾಗೂದಿಲ್ಲ ಹೇಳ್ರಿ? ಮುಂದಿನ ಭಾಗ ಗಟ್ಟಿ, ಹಿಂದಿಂದು ಮೆತ್ತಗ. ಕಡಿದಷ್ಟೂ ಹಿಂದಿಂದು ಸವೀತದ, ಮುಂದಿಂದು ಚೂಪಾಗೇ ಉಳೀತದ. ನಾ ಒಂದು ಹೆಜ್ಜಿ ಮುಂದ ಹೋದೆ. ಈ ಅಲಗು ಒಂದು ತುಂಡು ಉಕ್ಕಲ್ಲ. ಕೋಟಿಗಟ್ಟಲೆ ಎಸಳು, ಒಂದರ ಮ್ಯಾಲೊಂದು. ಕೂದಲನ್ನ ಸಾವಿರ ಸೀಳು ಮಾಡಿದ್ರ ಎಷ್ಟು ತೆಳ್ಳಗೋ ಅಷ್ಟು ತೆಳು. ಮ್ಯಾಲಿನ ಎಸಳು ಸವೀತು ಅಂದ್ರ ತಾನಾಗೇ ಬಿಡಿಸಿಕೊಂಡು ಉದುರತದ. ಕೆಳಗಿಂದು ಹೊಸಾದು, ತಯಾರಾಗಿ ಕೂತಿರತದ."

"ತುಕ್ಕು?"

"ಹಿಡಿಯೂದೇ ಇಲ್ಲ. ಉಪ್ಪಿನಾಗ ಇಡ್ರಿ, ಹುಣಸಿಹುಳಿಯೊಳಗ ಇಡ್ರಿ, ಆಸಿಡ್‌ನಾಗ ಇಡ್ರಿ. ತೂಕ ಎಷ್ಟು ಇಳಿದದ?"

ನೀಲಗಂಗಾ ಅತಿಸೂಕ್ಷ್ಮ ತಕ್ಕಡಿಯ ಅಂಕಿ ನೋಡಿದಳು. "ಮೂರು ಮಿಲಿಗ್ರಾಮ್ ಸರ. ಒಂದು ಸಾಸಿವಿ ಕಾಳಿನಷ್ಟು."

"ನಲವತ್ತು ಸಾವಿರ ಕೊಯ್ತಕ್ಕ ಒಂದು ಸಾಸಿವಿ ಕಾಳು!" ಎಂದು ಗಲಗಲಿ ತೊಡೆ ತಟ್ಟಿಕೊಂಡು ನಕ್ಕರು. ಅವಳೂ ನಕ್ಕಳು. ಅದೇ ವಾರ ಪ್ರಮಾಣಪತ್ರಕ್ಕೆ ಸಹಿ ಹಾಕಿದಳು. "ಈ ಅಲಗು ಮನೆಬಳಕೆಯಲ್ಲಿ ಮನುಷ್ಯನ ಜೀವಮಾನವಿಡೀ ಮೊಂಡಾಗುವುದಿಲ್ಲ." ಅಂಥ ವಾಕ್ಯ ಬರೆಯುವ ಭಾಗ್ಯ ಯಾವ ಪರೀಕ್ಷಕನಿಗೆ ಸಿಕ್ಕೀತು ಎಂದು ಅವಳಿಗೆ ಹೆಮ್ಮೆಯಾಯಿತು.

ಪರೀಕ್ಷೆಯಲ್ಲಿ ಕೊಯ್ದ ಸಾಮಾನನ್ನು ಕೇಂದ್ರದ ನಿಯಮದ ಪ್ರಕಾರ ಕಸಕ್ಕೆ ಹಾಕಬೇಕು. ಹಗ್ಗ, ಟ್ಯೂಬು ಹೋಗುತ್ತಿದ್ದವು. ಕೊಬ್ಬರಿ ಬೆಲ್ಲ ಮಾತ್ರ ಹೋಗುತ್ತಿರಲಿಲ್ಲ. ತಿನ್ನುವುದನ್ನು ಚೆಲ್ಲಿದರೆ ಕೈ ಬಿದ್ದು ಹೋಗುತ್ತದೆಂದು ಹೆದರಿಸಿ ಬೆಳೆಸಿದ ಮನೆಯವಳು ನೀಲಗಂಗಾ. ಅಷ್ಟು ಶುಚಿಯಾಗಿ ತೊಳೆದು, ಒಂದೇ ಒಂದು ಗೆರೆ ಕೊಯ್ದ ಬಂಗಾರದಂಥ ಕೊಬ್ಬರಿಯನ್ನು ಬುಟ್ಟಿಗೆ ಹಾಕಲು ಅವಳಿಗೆ ಕೈ ಬರುತ್ತಿರಲಿಲ್ಲ. ಸ್ಟೀಲಿನ ಡಬ್ಬಿಯಲ್ಲಿ ತುಂಬಿಕೊಂಡು ದಿನಾ ಮನೆಗೆ ತರುತ್ತಿದ್ದಳು.

ಮನೆಯಲ್ಲಿ ಅದಕ್ಕೆ ಕಾಯುವವರೂ ಇದ್ದರು. ಗಂಡ ಮಲ್ಲಸರ್ಜ ಬಸ್ಸು ಓಡಿಸುವ ಕೆಲಸವನ್ನು ಯಂತ್ರಗಳು ಕಸಿದುಕೊಂಡ ಮೇಲೆ ಒಲೆಯ ಮುಂದೆ ನಿಂತವನು, ಅಲ್ಲಿಂದ ಸರಿದಿರಲಿಲ್ಲ. ಆ ವರ್ಷ ಮಗಳು ಶಿವಲೀಲಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಾಣಂತಿಯ ಸೊಂಟ ಗಟ್ಟಿಯಾಗಲೆಂದು ನಮ್ಮ ಕಡೆ ಕೊಡುವುದು ಅಂಟಿನುಂಡಿ. ಕೊಬ್ಬರಿ, ಬೆಲ್ಲ, ಉತ್ತತ್ತಿ, ತುಪ್ಪದಲ್ಲಿ ಅರಳಿಸಿದ ಅಂಟು, ಎಲ್ಲ ಸೇರಿಸಿ ಕಟ್ಟಿದ್ದು. ಮಲ್ಲಸರ್ಜ ಹೆಂಡತಿಯ ಡಬ್ಬಿ ತೆರೆದು, ತುಂಡುಗಳನ್ನು ಮಿಕ್ಸರಿನಲ್ಲಿ ಪುಡಿ ಮಾಡಿ, ವಾರಕ್ಕೆ ಐವತ್ತು ಉಂಡಿ ಕಟ್ಟುತ್ತಿದ್ದ. "ಸರಕಾರದ ಕೊಬ್ಬರಿ, ನನ್ನ ಮಗಳ ಸೊಂಟ," ಎಂದು ಹಾಡಿನಂತೆ ಹೇಳುತ್ತಿದ್ದ. ಶಿವಲೀಲಾ ಐದು ತಿಂಗಳು ತಿಂದಳು. ಗಂಡನ ಮನೆಗೆ ಹೋಗುವಾಗ ಅವಳ ಕೆನ್ನೆಗಳು ತುಂಬಿದ್ದವು, ತೊಡೆಯ ಮೇಲೆ ತುಂಗಾ ಎಂಬ ಹೆಸರಿನ ಗುಂಡನೆಯ ಕೂಸು ಇತ್ತು.

ನಾಲ್ಕು ವರ್ಷಗಳಲ್ಲಿ, ಎಸಳಲಗು ಎಂದು ಹೆಸರಾದ ಆ ಅಲಗು ಕಾಣದ ಮನೆ ಉಳಿಯಲಿಲ್ಲ. ಕಿಸೆಯ ಚಾಕುವಿನಿಂದ ಶುರುವಾದದ್ದು ಈಳಿಗೆಗೆ, ಕತ್ತರಿಗೆ, ಮಿಕ್ಸರಿನ ಒಳಗೆ, ಹಿಟ್ಟಿನ ಗಿರಣಿಗೆ ಬಂತು. ಸಾಣೆ ಹಿಡಿಯುವವರು ಚಕ್ರ ಮಾರಿ ಬೇರೆ ದಾರಿ ನೋಡಿಕೊಂಡರು. ಹಳೆಯ ಚಾಕು ಕೊಟ್ಟರೆ ಹೊಸದು ಎಂಬ ಆಸೆಗೆ ಜನ ಅಜ್ಜಿಯ ಕಾಲದ ಈಳಿಗೆಗಳನ್ನೂ ಕೊಟ್ಟರು, ಅವೆಲ್ಲ ಕುಲುಮೆಯಲ್ಲಿ ಕರಗಿದವು. ಒಂದು ಅಲಗನ್ನು ಕಲ್ಲಿಗೆ ಹೇಗೆ ಉಜ್ಜಬೇಕೆಂದು ಬಲ್ಲ ಕೈಗಳು ಊರಿಗೊಂದೂ ಸಿಗದಂತಾದವು.

ಶಿವಲೀಲಾಳಿಗೆ ಮೊದಲು ಸುಸ್ತು, ಆಮೇಲೆ ಹೊಟ್ಟೆನೋವು, ಕೊನೆಗೆ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ರಕ್ತ ಕಡಿಮೆ ಎಂದರು, ಮಾತ್ರೆ ಕೊಟ್ಟರು. ಮಾತ್ರೆಗೆ ಏರಿದ ರಕ್ತ ತಿಂಗಳಲ್ಲಿ ಇಳಿಯಿತು. ಕೊನೆಗೆ ಡಾ. ನಸೀಮಾ ಕಿತ್ತೂರ ಎಂಬವರು ಹೊಸ ಬಗೆಯ ಸ್ಕ್ಯಾನ್ ಮಾಡಿಸಿದರು. ತಾಯಿ ಮಗಳಿಬ್ಬರನ್ನೂ ಕೂರಿಸಿ ಪರದೆ ತೋರಿಸಿದರು. ಕಪ್ಪು ಬಣ್ಣದ ಕರುಳಿನ ಗೋಡೆಯ ತುಂಬ ಬೆಳ್ಳನೆಯ ಚುಕ್ಕೆಗಳು ಮಿನುಗುತ್ತಿದ್ದವು.

"ಇದು ಹುಣ್ಣಲ್ರಿ, ಗಂಟೂ ಅಲ್ಲ. ಯಾವುದೋ ಲೋಹ. ಒಳಗ ಸಣ್ಣಸಣ್ಣ ಗಾಯ ಮಾಡಾಕತ್ತೈತಿ, ಅಲ್ಲಿಂದ ರಕ್ತ ಸೋರತೈತಿ. ಈ ವರ್ಷ ಭಾಳ ಮಂದ್ಯಾಗ ನೋಡಾಕತ್ತೀನಿ. ಆದ್ರ ಇವರದು ಉಳಿದವರಕ್ಕಿಂತ ನಾಕು ಪಟ್ಟು ಐತಿ. ಎಲ್ಲೆರ ಕಾರ್ಖಾನ್ಯಾಗ ಕೆಲಸ ಮಾಡೀರೇನವ್ವ?"

"ಇಲ್ರಿ. ಸಾಲ್ಯಾಗ ಟೀಚರ್ ಅದೀನ್ರಿ," ಎಂದಳು ಶಿವಲೀಲಾ.

 ಆ ಮಿನುಗನ್ನು ನೀಲಗಂಗಾ ಬಲ್ಲಳು. ಹನ್ನೊಂದು ತಿಂಗಳು ಅಲಗಿನ ಅಂಚಿನಲ್ಲಿ ಅದನ್ನೇ ಭೂತಗನ್ನಡಿಯಿಂದ ನೋಡಿದ್ದಳು. 

ಮರುದಿನ ಬೆಳಿಗ್ಗೆ ಕೇಂದ್ರಕ್ಕೆ ಹೋದವಳೇ ಒಂದು ಗಿಟುಕು ಕೊಬ್ಬರಿ ತರಿಸಿ, ಎಸಳಲಗಿನಿಂದ ಕೊಯ್ದಳು. ಈ ಸಲ ಚಾಕುವನ್ನು ಪಕ್ಕಕ್ಕಿಟ್ಟು, ಕೊಯ್ದ ತುಂಡನ್ನು ಎತ್ತಿಕೊಂಡಳು. ಅದರ ಎಣ್ಣೆ ತೆಗೆದು, ಜಠರದಲ್ಲಿರುವಂಥದೇ ಆಮ್ಲದಲ್ಲಿ ಮೂರು ದಿನ ನೆನೆಯಿಟ್ಟಳು. ಕೊಬ್ಬರಿ ಕರಗಿ ಗಂಜಿಯಾಯಿತು. ತಳದಲ್ಲಿ ಉಳಿದದ್ದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ, ಒಂದೇ ಕೊಯ್ತದ ಗುರುತಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಎಸಳುಗಳು ಕಂಡವು. ಒಂದೂ ಕರಗಿರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಅವಳು ಪರೀಕ್ಷಕಿಯಾಗುತ್ತಿರಲಿಲ್ಲ. ಸೂಜಿಗಿಂತ ಸಣ್ಣ ಯಂತ್ರದ ಬೆರಳಿನಿಂದ ಒಂದು ಎಸಳನ್ನು ಹಿಡಿದು, ಉಸಿರು ತಾಗಿದರೆ ಹರಿಯುವಂಥ ಪೊರೆಯ ಮೇಲೆ ಎಳೆದಳು. ಪೊರೆ ಎರಡಾಯಿತು. ಎಲ್ಲಿಯೂ ಜಗ್ಗಲಿಲ್ಲ. ಉದುರುವ ಎಸಳು ಸವೆದ ಎಸಳು ಎಂದು ಗಲಗಲಿ ಹೇಳಿದ್ದು ಸುಳ್ಳೇನಲ್ಲ. ಒಂದು ಅಂಚು ಸವೆದೇ ಇತ್ತು. ಉಳಿದ ಮೂರು ಅಂಚುಗಳು ಆಗ ತಾನೇ ಮಾಡಿದ ಹಾಗಿದ್ದವು. ತಾನು ಬರೆದ ವಾಕ್ಯ ಅಕ್ಷರಶಃ ನಿಜವಾಗಿದೆ ಎಂದು ನೀಲಗಂಗಾಗೆ ತಿಳಿಯಿತು. ಆ ಅಲಗು ಮನುಷ್ಯನ ಜೀವಮಾನವಿಡೀ ಮೊಂಡಾಗುವುದಿಲ್ಲ, ಮನುಷ್ಯನ ಹೊಟ್ಟೆಯೊಳಗೂ. ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತಳು.

ಗಲಗಲಿ ಈಗ ದೊಡ್ಡ ಮನುಷ್ಯರು. ಗೋಡೆಯ ತುಂಬ ಸನ್ಮಾನ ಫಲಕಗಳು. ಆದರೂ ಅಂಗಿಯ ಗುಂಡಿ ಮಾತ್ರ ಇನ್ನೂ ತಪ್ಪೇ. ಅವಳ ಚಿತ್ರಗಳನ್ನು ಒಂದೊಂದಾಗಿ ನೋಡಿ ಮುಗಿಸಲು ಅವರಿಗೆ ಬಹಳ ಹೊತ್ತು ಹಿಡಿಯಿತು.

"ಬರೇ ಒಂದು ಸಾಸಿವಿ ಕಾಳು ಅಂತ ನಗ್ತಿದ್ದಿವಲ್ಲ ಮೇಡಂ," ಎಂದರು ಕೊನೆಗೆ. "ಒಂದು ಸಾಸಿವಿಯೊಳಗ ಇಂಥಾವು ಎಷ್ಟು ಕೋಟಿ ಅಂತ ನನಗ ಗೊತ್ತಿತ್ತು. ಆ ಲೆಕ್ಕ ಮಾಡೂದು ನನ್ನ ಎಡಗೈ ಕೆಲಸ. ಮಾಡಲಿಲ್ಲ."

"ನಾನೂ ಮಾಡಲಿಲ್ರಿ."

"ನಮ್ಮ ಮನ್ಯಾಗೂ ಅದೇ ಈಳಿಗಿ. ನಮ್ಮ ತಾಯಿನೂ ಅದರಾಗೇ ಹೆಚ್ಚತಾರ." ಅವರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಬರೀರಿ, ಸರಕಾರಕ್ಕ ಬರಿಯೋಣ. ನಿಮ್ಮ ಹೆಸರು, ನನ್ನ ಹೆಸರು ಎರಡೂ ಹಾಕೋಣ. ಆದ್ರ ವಾಪಸ್ ತಗೋರಿ ಅಂದ್ರ ಜನರ ಕೈಗೆ ಬ್ಯಾರೆ ಏನು ಕೊಡೂದು? ಹಳೇ ಚಾಕು ಒಂದೂ ಉಳಿದಿಲ್ಲಲ್ಲ."

ಪತ್ರ ಹೋಯಿತು. ಅದಕ್ಕಿಂತ ಕಷ್ಟದ ಕೆಲಸ ಉಳಿದಿತ್ತು. ನೀಲಗಂಗಾ ಮಗಳ ಮನೆಗೆ ಹೋಗಿ, ತುಂಗಾ ಹೊರಗೆ ಆಡುವ ಹೊತ್ತು ನೋಡಿ, ಎಲ್ಲವನ್ನೂ ಹೇಳಿದಳು. ಸ್ಟೀಲಿನ ಡಬ್ಬಿ, ಕೊಬ್ಬರಿ, ಉಂಡಿ, ನಾಲ್ಕು ಪಟ್ಟಿನ ಲೆಕ್ಕ, ಏನನ್ನೂ ಮುಚ್ಚಿಡಲಿಲ್ಲ. ಶಿವಲೀಲಾ ಕೇಳುತ್ತ ಹೋದ ಹಾಗೆ ಅವಳ ಬಿಳಿಚಿದ ಮುಖ ಇನ್ನಷ್ಟು ಬಿಳಿಚಿತು.

"ನಲವತ್ತು ಸಾವಿರ ಸಲ ಕೊಯ್ದೀಯವ್ವಾ. ಒಮ್ಮ್ಯಾರ ಕೊಯ್ದ ತುಂಡು ತಿರುವಿ ನೋಡಲಿಲ್ಲೇನು?"

"ಇಲ್ಲವ್ವ. ಚಾಕು ನೋಡೂದು ನನ್ನ ಕೆಲಸಾಗಿತ್ತು."

"ತಗದು ಹಾಕಾಕ ಬರತೈತೇನು?"

"ಬರೂದಿಲ್ಲ ಅಂತಾರ ಡಾಕ್ಟರ್. ತಿಂಗಳಿಗೊಮ್ಮಿ ರಕ್ತ ಏರಸೂದು. ಎಷ್ಟು ವರ್ಷ ಅಂತ ಹೇಳಾಕ ಅವರಿಗೂ ಬರವೊಲ್ದು."

ಶಿವಲೀಲಾ ಎದ್ದು ಕಿಟಕಿಯ ಬಳಿ ಹೋಗಿ ನಿಂತಳು. ಮಗಳು ಕೂಗಾಡಿದ್ದರೆ, ಕೈಗೆ ಸಿಕ್ಕಿದ್ದನ್ನು ಎಸೆದಿದ್ದರೆ ನೀಲಗಂಗಾಗೆ ಹಗುರಾಗುತ್ತಿತ್ತು. ಅವಳು ಬೆನ್ನು ತಿರುಗಿಸಿಕೊಂಡೇ ಕೇಳಿದಳು. "ಅಪ್ಪಗ ಹೇಳೀಯೇನು?"

"ಇನ್ನೂ ಇಲ್ಲ."

"ಹೇಳಬ್ಯಾಡ. ಆ ಉಂಡಿ ಕಟ್ಟಿದ ಕೈ ಅವಂದು. ತಡಕೊಳ್ಳೂದಿಲ್ಲ ಅವ. ನನ್ನ ಆಣಿ, ಹೇಳಬ್ಯಾಡ."

ನೀಲಗಂಗಾ ಮನೆಗೆ ಬಂದಾಗ ಅಡುಗೆಮನೆಯಲ್ಲಿ ತುಪ್ಪದ ಘಮ ಹರಡಿತ್ತು. ಮಲ್ಲಸರ್ಜ ಕಟ್ಟೆಯ ಮೇಲೆ ಕೊಬ್ಬರಿ ಬಟ್ಟಲುಗಳನ್ನು ಸಾಲಾಗಿಟ್ಟು, ಎಸಳಲಗಿನಿಂದ ಸರಸರನೆ ಹೋಳು ಮಾಡುತ್ತಿದ್ದ.

"ಏನ್ ಮಾಡಾಕತ್ತೀರಿ?" ಎಂದು ಅವಳು ಕೂಗಿಯೇ ಬಿಟ್ಟಳು.

"ಯಾಕಿಷ್ಟು ಚೀರ್ತೀ? ಲೀಲಾಗ ಅಂಟಿನುಂಡಿ. ಮಾತ್ರಿ ತಿಂದು ರಕ್ತ ಬರೂದಿಲ್ಲ, ನಾ ಹೇಳ್ತೀನಿ ಕೇಳು. ಬಾಣಂತನದಾಗ ಹೆಂಗ ತುಂಬಿಕೊಂಡಿದ್ಲು ನೆನಪೈತಿಲ್ಲ? ಅದ ಉಂಡಿ, ಅದ ಕೈ. ಹದಿನೈದು ದಿನದಾಗ ಎಬ್ಬಿಸಿ ನಿಲ್ಲಸ್ತೀನಿ."

ಅವಳು ಅವನ ಕೈಯಿಂದ ಚಾಕು ತೆಗೆದುಕೊಂಡಳು.  "ಹೆಚ್ಚಿದ ಕೊಬ್ಬರಿಗೆ ರುಚಿ ಇಲ್ರಿ. ಒರಳಾಗ ಕುಟ್ಟಿದ್ರ ಛಲೋ," ಎಂದಳು. ಮಲ್ಲಸರ್ಜ ಕಣ್ಣರಳಿಸಿ ನೋಡಿದ. "ಅಬಬಾ, ಚಾಕುವಿನ ರಾಣಿಗೆ ಇವತ್ತು ಒರಳು ಬೇಕಾತು!" ಎಂದು ನಕ್ಕ. ಅವಳು ಅವನು ಹೆಚ್ಚಿದ್ದ ಹೋಳುಗಳನ್ನೆಲ್ಲ ಗೋರಿ ಕಸದ ಬುಟ್ಟಿಗೆ ಸುರಿದಳು. ನಲವತ್ತು ವರ್ಷಗಳ ಸಂಸಾರದಲ್ಲಿ ಹೆಂಡತಿ ತಿನ್ನುವುದನ್ನು ಚೆಲ್ಲಿದ್ದು ಅವನು ಕಂಡದ್ದು ಅದೇ ಮೊದಲು. ನಗು ನಿಂತಿತು. ಅವನು ಕಾರಣ ಕೇಳಲಿಲ್ಲ, ಹಿತ್ತಲಿಗೆ ಹೋಗಿ ಮಣ್ಣು ಹಿಡಿದಿದ್ದ ಒರಳನ್ನು ಉರುಳಿಸಿಕೊಂಡು ಬಂದ. ಅಂದಿನಿಂದ ಅವನ ಮಾತು ಕಡಿಮೆಯಾಯಿತು. ಅವನಿಗೆ ಗೊತ್ತಾಯಿತೋ ಇಲ್ಲವೋ ನೀಲಗಂಗಾಗೆ ಕೊನೆಯವರೆಗೂ ತಿಳಿಯಲಿಲ್ಲ.

ಸರಕಾರ ಒಂದು ಸಮಿತಿ ಮಾಡಿತು. ಸಮಿತಿ ನೀಲಗಂಗಾಳನ್ನು ಕರೆಸಿ, ಗೌರವದಿಂದ ಕೂರಿಸಿ, ಅವಳ ಮಾತು ಕೇಳಿಸಿಕೊಂಡಿತು. ಹಿಟ್ಟಿನ ಗಿರಣಿಯಿಂದ ಆಸ್ಪತ್ರೆಯವರೆಗೆ ಎಲ್ಲ ಕಡೆ ಇರುವ ಅಲಗನ್ನು ಒಂದೇ ದಿನ ನಿಲ್ಲಿಸಿದರೆ ಊಟವೇ ನಿಲ್ಲುತ್ತದೆ ಎಂದು ಲೆಕ್ಕ ತೋರಿಸಿತು. ಹೊಸ ಉಕ್ಕು ಬರುವ ತನಕ, ಹತ್ತೋ ಹನ್ನೆರಡೋ ವರ್ಷ, ಒಂದು ಮಿತಿ ಇರಲಿ ಎಂದು ತೀರ್ಮಾನವಾಯಿತು. ನಾಡಿನಾದ್ಯಂತ ಇಪ್ಪತ್ತು ಸಾವಿರ ಜನರನ್ನು ಸ್ಕ್ಯಾನ್ ಮಾಡಿದರು. ಮೈಯಲ್ಲಿ ಎಷ್ಟೆಷ್ಟು ಎಸಳಿದೆ ಎಂಬುದಕ್ಕೆ ಒಂದು ಅಂಕ ಕೊಟ್ಟರು. ಬಹುಪಾಲು ಜನ ತೊಂಬತ್ತರ ಒಳಗಿದ್ದರು. ಹಾಗಾಗಿ ತೊಂಬತ್ತು ಮಿತಿಯಾಯಿತು. ಮೈ ಎಷ್ಟನ್ನು ತಡೆದೀತು ಎಂದು ಯಾರೂ ಅಳೆದಿರಲಿಲ್ಲ. ಮೈಯಲ್ಲಿ ಈಗಾಗಲೇ ಎಷ್ಟಿದೆಯೋ ಅದನ್ನೇ ಅಳೆದು, ಅದಕ್ಕೊಂದು ಒಳ್ಳೆಯ ಹೆಸರಿಟ್ಟಿದ್ದರು. ಜೀವನವೆಲ್ಲ ಮಿತಿಗಳನ್ನು ಗುರುತು ಹಾಕುತ್ತ ಬಂದವಳಿಗೆ ಆ ಕಸರತ್ತು ಅರ್ಥವಾಗದೆ ಹೋಗಲಿಲ್ಲ. ಸಭೆಯಲ್ಲಿ ಎದ್ದು ನಿಂತು ಹೇಳಿದಳು ಕೂಡ. ಅದನ್ನು ನಡಾವಳಿಯಲ್ಲಿ ಬರೆದುಕೊಂಡರು.

ಆ ಮಾಘದಲ್ಲಿ ತುಂಗಾಳನ್ನು ಸ್ಕ್ಯಾನಿಗೆ ಕರೆತಂದರು. ಕೂಸಿಗೆ ಐದು ತುಂಬುತ್ತಿತ್ತು, ಮುಂದಿನ ಎರಡು ಹಲ್ಲು ಅಲ್ಲಾಡುತ್ತಿದ್ದವು. ಶಿವಲೀಲಾ ಹಿಂದಿನ ದಿನವಷ್ಟೇ ರಕ್ತ ಏರಿಸಿಕೊಂಡು ಬಂದಿದ್ದಳು. ಒಳಗೆ ಯಂತ್ರ ಗುಂಯ್‌ಗುಡುತ್ತಿರುವಾಗ ಅವಳು ತಾಯಿಯ ಮುಂಗೈ ಹಿಡಿದುಕೊಂಡು ಕೂತಳು. ಆ ಸಂಗತಿ ಹೇಳಿದ ದಿನದಿಂದ ಅವಳು ತಾಯಿಯನ್ನು ಮುಟ್ಟಿರಲಿಲ್ಲ.

"ಎದೆಹಾಲಿನಾಗ ಹೋಗಿರತೈತೇನವ್ವಾ?"

"ಗೊತ್ತಿಲ್ಲ ಲೀಲಾ. ಅದನ್ನ ಯಾರೂ ಪರೀಕ್ಷಾ ಮಾಡಿಲ್ಲ."

ಡಾ. ನಸೀಮಾ ಹಾಳೆ ಹಿಡಿದುಕೊಂಡು ಹೊರಬಂದರು. ಅವರ ಮುಖದಲ್ಲಿ ನಗುವಿತ್ತು. "ಎಂಬತ್ಮೂರು ಐತ್ರಿ. ಮಿತಿಯೊಳಗ ಐತಿ. ಏನೂ ಕಾಳಜಿ ಮಾಡಬ್ಯಾಡ್ರಿ, ನಾರ್ಮಲ್."

ಶಿವಲೀಲಾ ಬಾಯಿಗೆ ಸೆರಗು ಹಚ್ಚಿ ಅತ್ತಳು, ಮರುಗಳಿಗೆ ನಕ್ಕಳು. ಓಡಿ ಬಂದ ಕೂಸನ್ನು ಎತ್ತಲಾಗದೆ, ಅಲ್ಲೇ ಮೊಣಕಾಲೂರಿ ತಬ್ಬಿಕೊಂಡಳು.

ನೀಲಗಂಗಾ ವೈದ್ಯರನ್ನು ಸ್ವಲ್ಪ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದಳು. "ಒಂದು ಎಸಳೂ ಇಲ್ಲದ ಕೂಸು ಯಾವುದಾರ ನೋಡೀರೇನ್ರಿ?"

ಡಾ. ನಸೀಮಾ ಸುಳ್ಳು ಹೇಳುವ ಹೆಂಗಸಲ್ಲ.  "ಹೋದ ವರ್ಷದಿಂದ ಇಲ್ರಿ," ಎಂದರು.

ನೀಲಗಂಗಾ ಬೆಂಚಿನ ಮೇಲೆ ಕೂತಳು. ಅವಳಿಗೆ ತನ್ನ ಬಾಲ್ಯ ನೆನಪಾಯಿತು. ಈ ಶತಮಾನದ ಮೊದಲ ಎರಡು ದಶಕಗಳು. ಅಪ್ಪ ಮುಂಜಾನೆ ಚಹಾ ಕುಡಿಯುತ್ತ ಪೇಪರು ಓದುತ್ತಿದ್ದ. ಪಟ್ಟಣದ ಗಾಳಿಯಲ್ಲಿ ಇಂದು ಇಷ್ಟು ಧೂಳಿದೆ, ನಳದ ನೀರಿನಲ್ಲಿ ಇಷ್ಟು ಅದಿದೆ, ಹಾಲಿನಲ್ಲಿ ಇಷ್ಟು ಇದಿದೆ, ಎಲ್ಲ ಮಿತಿಯೊಳಗಿದೆ. ಅಪ್ಪ ನೆಮ್ಮದಿಯಿಂದ ಪೇಪರು ಮಡಚಿ, ಅವಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು, ಲಾರಿಗಳ ಹೊಗೆಯ ನಡುವೆ ಶಾಲೆಗೆ ಬಿಟ್ಟು ಬರುತ್ತಿದ್ದ. ಆ ಮಿತಿಯನ್ನು ಯಾರ ಎದೆಗೂಡು ನೋಡಿ ಇಟ್ಟರು ಎಂದು ಅಪ್ಪನೂ ಕೇಳಲಿಲ್ಲ, ಅವಳೂ ಕೇಳಲಿಲ್ಲ.

"ಅವ್ವಾ, ನಡಿ. ಅಪ್ಪ ಹಾದಿ ಕಾಯ್ತಿರ್ತಾನ. ಕೂಸು ನಾರ್ಮಲ್ ಅಂತ ಹೇಳೂಣು," ಎಂದು ಶಿವಲೀಲಾ ಕರೆದಳು. ಎಷ್ಟೋ ತಿಂಗಳ ನಂತರ ಅವಳ ದನಿಯಲ್ಲಿ ಜೀವವಿತ್ತು. ನೀಲಗಂಗಾ ಎದ್ದಳು. ಆ ಸಂತೋಷವನ್ನು ಕೆಡಿಸುವ ಧೈರ್ಯ ಅವಳಿಗೆ ಬರಲಿಲ್ಲ. "ಹೂಂನವ್ವ, ನಾರ್ಮಲ್," ಎಂದು ಹೇಳಿ ಮೊಮ್ಮಗಳ ಕೈ ಹಿಡಿದುಕೊಂಡಳು.